ಮಗಳ ಕಿವಿ ಒಳಗೆ ನೀರು ನಿಂತಿದೆ ಅಂದರು, ಯಾಕೆ ಹೀಗಾಗುತ್ತದೆ?

ತುಮಕೂರಿನ ಅಮ್ಮ:

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು, ಶಿರಾ ಗೇಟ್ ಕಡೆ ಮನೆ. ಮಗಳಿಗೆ ನಾಲ್ಕೂವರೆ ವರ್ಷ. ದಸರಾ ರಜೆ ಮುಗಿಯುವ ಹೊತ್ತಿಗೆ ಅವಳಿಗೆ ನೆಗಡಿ ಹಿಡಿಯಿತು. ವಾರದಲ್ಲಿ ನೆಗಡಿ ಹೋಯಿತು. ಆದರೆ ಅಲ್ಲಿಂದ ಕರೆದರೆ ತಿರುಗುವುದೇ ಇಲ್ಲ. ಏನು ಹೇಳಿದರೂ "ಆಂ?" ಅನ್ನುತ್ತಾಳೆ. ಟೀವಿ ಸೌಂಡ್ ಜಾಸ್ತಿ ಮಾಡಿ ಹತ್ತಿರ ಹೋಗಿ ಕೂರುತ್ತಾಳೆ. ಶಾಲೆಯಿಂದ ಮಿಸ್ ಡೈರಿಯಲ್ಲಿ ಬರೆದು ಕಳಿಸಿದರು, ಪಾಠದ ಕಡೆ ಗಮನ ಇಲ್ಲ ಅಂತ.

ನಾನು ಹಟ ಅಂದುಕೊಂಡೆ. ಒಂದು ಸಂಜೆ ಅಡುಗೆಮನೆಯಿಂದ ಮೂರು ಸಲ ಕೂಗಿದೆ, ಬರಲಿಲ್ಲ. ಸಿಟ್ಟು ಬಂತು. ಹೋಗಿ ಬೆನ್ನಿಗೆ ಒಂದು ಏಟು ಕೊಟ್ಟೆ. ಅವಳು ಬೆಚ್ಚಿಬಿದ್ದು ತಿರುಗಿದಳು. ಕೈಯಲ್ಲಿದ್ದ ಬಳಪ ಕೆಳಗೆ ಬಿತ್ತು. ನಾನು ಹಿಂದೆ ಬಂದು ನಿಂತದ್ದೇ ಅವಳಿಗೆ ಗೊತ್ತಾಗಿರಲಿಲ್ಲ. ಆ ಮುಖ ಇನ್ನೂ ನನ್ನ ಕಣ್ಣಲ್ಲೇ ಇದೆ.

ಮಾರನೇ ದಿನವೇ ಕಿವಿ, ಮೂಗು, ಗಂಟಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆ. ಲೈಟ್ ಹಾಕಿ ನೋಡಿದರು, ಆಮೇಲೆ ಒಂದು ಮೆಷಿನ್‌ನಲ್ಲೂ ಪರೀಕ್ಷೆ ಮಾಡಿಸಿದರು. ಎರಡೂ ಕಿವಿಯಲ್ಲಿ ತಮಟೆ ಹಿಂದೆ ನೀರು ನಿಂತಿದೆ ಅಂದರು. ಮಾತ್ರೆ, ಡ್ರಾಪ್ಸ್ ಏನೂ ಬರೆಯಲಿಲ್ಲ. ಮೂರು ತಿಂಗಳು ಕಾದು ನೋಡೋಣ, ಮತ್ತೆ ಬನ್ನಿ ಅಂದರು. ಹೊರಗೆ ಸಾಲು ದೊಡ್ಡದಿತ್ತು. ಜಾಸ್ತಿ ಕೇಳೋಕೆ ಆಗಲಿಲ್ಲ.

ತಲೆಗೆ ಎರೆಯುವಾಗ ನೀನೇ ಕಿವಿಗೆ ನೀರು ಬಿಟ್ಟಿದ್ದೀಯ ಅಂತ ಅತ್ತೆ ಹೇಳುತ್ತಿದ್ದಾರೆ. ನಿಜವಾ? ಈ ನೀರು ಎಲ್ಲಿಂದ ಬಂತು? ಔಷಧಿ ಇಲ್ಲದೆ ಸುಮ್ನೆ ಕಾಯುವುದು ಸರಿಯಾ? ಗೊತ್ತಿರುವವರು ಹೇಳಿ.

ಪಾವಗಡದ ಅಜ್ಜಿ:

ಹೆದರಬೇಡ ಮಗಳೇ. ಕೊಬ್ಬರಿ ಎಣ್ಣೆಗೆ ಎರಡು ಎಸಳು ಬೆಳ್ಳುಳ್ಳಿ ಜಜ್ಜಿ ಹಾಕಿ ಕಾಯಿಸು. ಬೆಚ್ಚಗಿರುವಾಗ ಎರಡೆರಡು ಹನಿ ಬಿಡು. ನಾನು ಐದು ಮಕ್ಕಳನ್ನು ಹಾಗೆಯೇ ಸಾಕಿದ್ದು. ತಲೆಗೆ ಎರೆದ ಮೇಲೆ ಕಿವಿ ಬಟ್ಟೆಯಲ್ಲಿ ಚೆನ್ನಾಗಿ ಒರೆಸು.

ಕೋಲಾರದ ಆಡಿಯಾಲಜಿಸ್ಟ್:

ನಾನು ಕೋಲಾರದವಳು. ಕಿವಿ ಎಷ್ಟು ಕೇಳುತ್ತದೆ ಅಂತ ಪರೀಕ್ಷೆ ಮಾಡುವುದೇ ನನ್ನ ಕೆಲಸ. ಚಳಿಗಾಲ ಬಂತೆಂದರೆ ಇಂಥ ಮಕ್ಕಳು ಜಾಸ್ತಿ ಬರುತ್ತಾರೆ.

ಅಕ್ಕಾ, ಮೊದಲು ನಿಮ್ಮ ಮನಸ್ಸಿನ ಭಾರ ಇಳಿಸುತ್ತೇನೆ. ಇದು ಸ್ನಾನದ ನೀರಲ್ಲ. ಕಿವಿ ತಮಟೆಯಲ್ಲಿ ತೂತು ಇಲ್ಲದಿದ್ದರೆ ಹೊರಗಿನ ನೀರು ಒಂದು ಹನಿಯೂ ಅದನ್ನು ದಾಟಿ ಹೋಗುವುದಿಲ್ಲ. ಆ ನೀರು ಒಳಗೇ ಹುಟ್ಟಿದ್ದು. ಅದು ಬರುವ ದಾರಿ ಮೂಗಿನ ಕಡೆಯದು.

ನಂದಿ ಬೆಟ್ಟಕ್ಕೆ ಬಸ್ಸಿನಲ್ಲಿ ಹೋಗಿದ್ದೀರಾ? ತಿರುವುಗಳಲ್ಲಿ ಮೇಲೆ ಹತ್ತುತ್ತಾ ಕಿವಿ ಕಟ್ಟಿದಂತಾಗಿ, ಎಂಜಲು ನುಂಗಿದರೆ ಟಪ್ ಅಂತ ಬಿಟ್ಟುಕೊಳ್ಳುತ್ತದಲ್ಲ? ಆಗ ತೆರೆದುಕೊಳ್ಳುವುದು ಒಂದು ಸಣ್ಣ ನಳಿಕೆ. ಯುಸ್ಟೇಷಿಯನ್ ನಳಿಕೆ ಅನ್ನುತ್ತಾರೆ. ಮೂಗಿನ ಹಿಂಭಾಗದಿಂದ ತಮಟೆಯ ಹಿಂದಿರುವ ಪುಟ್ಟ ಕೋಣೆಗೆ ಹೋಗುತ್ತದೆ. ಆ ಕೋಣೆಯೇ ಮಧ್ಯ ಕಿವಿ. ನಳಿಕೆ ಸಾಮಾನ್ಯವಾಗಿ ಮುಚ್ಚಿರುತ್ತದೆ. ನುಂಗಿದಾಗ, ಆಕಳಿಸಿದಾಗ ಒಂದು ಕ್ಷಣ ತೆರೆದು ಒಳಗೆ ಗಾಳಿ ಬಿಡುತ್ತದೆ. ಒಳಗಿನ ಕಸರನ್ನು ಮೂಗಿನ ಹಿಂದಕ್ಕೆ ಇಳಿಸುವುದೂ ಅದೇ.

ದೊಡ್ಡವರಲ್ಲಿ ಇದು ಸುಮಾರು 35 ಮಿಲಿಮೀಟರ್ ಉದ್ದ, ಇಳಿಜಾರು ಹೆಚ್ಚು ಕಡಿಮೆ 45 ಡಿಗ್ರಿ. ಹಸುಗೂಸಿನಲ್ಲಿ ಉದ್ದ ಅದರ ಅರ್ಧದಷ್ಟು, ಇಳಿಜಾರು 10 ಡಿಗ್ರಿ ಇದ್ದರೆ ಹೆಚ್ಚು. ಗಾರೆ ಕೆಲಸದವರು "ವಾಟ" ಅನ್ನುತ್ತಾರಲ್ಲ, ಮೋರಿ ಪೈಪಿಗೆ ವಾಟ ಕೊಡದಿದ್ದರೆ ನೀರು ನಿಲ್ಲುತ್ತದೆ ಅಂತ. ಮಕ್ಕಳ ನಳಿಕೆಗೆ ಆ ವಾಟ ಇನ್ನೂ ಬಂದಿರುವುದಿಲ್ಲ. ಮೇಲಾಗಿ ಅದು ಕಿರಿದು, ಮೆತ್ತಗಿರುತ್ತದೆ. ನೆಗಡಿ ಬಂದಾಗ ಮೂಗಿನ ಒಳಗಿನ ಪದರ ಊದಿಕೊಳ್ಳುತ್ತದೆ. ಜೊತೆಗೆ ನಳಿಕೆಯ ಬಾಯಿಯೂ ಕಟ್ಟಿಕೊಳ್ಳುತ್ತದೆ. ಒಳಗಿದ್ದ ಗಾಳಿಯನ್ನು ಕೋಣೆಯ ಗೋಡೆ ನಿಧಾನವಾಗಿ ಹೀರಿಕೊಳ್ಳುತ್ತದೆ, ಹೊಸ ಗಾಳಿ ಬರುವುದಿಲ್ಲ. ಆಗ ತಮಟೆ ಒಳಕ್ಕೆ ಎಳೆದುಕೊಳ್ಳುತ್ತದೆ, ಗೋಡೆಯಿಂದ ನೀರು ಜಿನುಗುತ್ತದೆ. ದಿನ ಕಳೆದಂತೆ ಅದು ಗಟ್ಟಿಯಾಗಿ ಅಂಟಿನ ಹಾಗಾಗುತ್ತದೆ.

ತಮಟೆಯ ಹಿಂದೆ ಮೂರು ಪುಟ್ಟ ಮೂಳೆಗಳಿವೆ. ಸದ್ದನ್ನು ಒಳಗೆ ದಾಟಿಸುವುದು ಅವು ಅಲುಗಾಡಿದಾಗ. ಅಂಟಿನಲ್ಲಿ ಮುಳುಗಿದ ಮೂಳೆ ಹೇಗೆ ಅಲುಗಾಡೀತು? ಎರಡೂ ಕಿವಿಗೆ ಬೆರಳು ಇಟ್ಟುಕೊಂಡು ಟೀಚರ್ ಮಾತು ಕೇಳಿಸಿಕೊಳ್ಳಿ. ನಿಮ್ಮ ಮಗಳಿಗೆ ದಿನವೆಲ್ಲ ಹಾಗೇ ಕೇಳುತ್ತಿದೆ. ನೋವಿಲ್ಲ, ಜ್ವರ ಇಲ್ಲ. ಅದಕ್ಕೇ ಯಾರಿಗೂ ಗೊತ್ತಾಗುವುದಿಲ್ಲ.

ಅಜ್ಜೀ, ನಿಮ್ಮ ಮೇಲೆ ಗೌರವ ಇಟ್ಟೇ ಹೇಳುತ್ತೇನೆ. ಎಣ್ಣೆ ತಮಟೆಯ ಈಚೆಗೇ ನಿಲ್ಲುತ್ತದೆ. ಆಚೆ ಇರುವ ನೀರಿಗೆ ತಾಗುವುದಿಲ್ಲ. ತಮಟೆಯಲ್ಲಿ ತೂತಿದ್ದರೆ ಒಳಗೆ ಹೋಗಿ ಕೀವು ಆಗಬಹುದು. ದಯವಿಟ್ಟು ಹಾಕಿಸಬೇಡಿ.

ತುಮಕೂರಿನ ಅಮ್ಮ:

ಮೇಡಂ, ಓದುತ್ತಾ ಕಣ್ಣಲ್ಲಿ ನೀರು ಬಂತು. ಅತ್ತೆಗೂ ಗಟ್ಟಿಯಾಗಿ ಓದಿ ಹೇಳಿದೆ. ಅವರು ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ಮಗಳನ್ನು ತೊಡೆ ಮೇಲೆ ಕೂರಿಸಿಕೊಂಡು ಅವಳ ಮುಖ ನೋಡುತ್ತಾ ಕಥೆ ಹೇಳಿದರು.

ಮೆಷಿನ್‌ನಲ್ಲಿ ಬಂದ ಚೀಟಿ ನೋಡಿದೆ. ಎರಡು ಚೌಕದಲ್ಲೂ ಸುಮ್ನೆ ಅಡ್ಡ ಗೆರೆ ಇದೆ, ಬೇರೇನೂ ಇಲ್ಲ. ಹಾಗೆಂದರೆ ಏನು?

ಕೋಲಾರದ ಆಡಿಯಾಲಜಿಸ್ಟ್:

ಅದು ಟಿಂಪನೋಮೆಟ್ರಿ. ಕಿವಿ ಬಾಯಿಗೆ ಮೆತ್ತನೆಯ ರಬ್ಬರ್ ತುದಿ ಇಟ್ಟು ಗಾಳಿಯ ಒತ್ತಡ ಹೆಚ್ಚು ಕಡಿಮೆ ಮಾಡುತ್ತಾರೆ, ತಮಟೆ ಅಲ್ಲಾಡುತ್ತದಾ ಅಂತ ನೋಡೋಕೆ. ಚೆನ್ನಾಗಿ ಅಲ್ಲಾಡಿದರೆ ಗೆರೆ ಬೆಟ್ಟದ ಹಾಗೆ ಮೇಲೆದ್ದು ಇಳಿಯುತ್ತದೆ. ಹಿಂದೆ ನೀರಿದ್ದರೆ ತಮಟೆ ಅಲ್ಲಾಡುವುದಿಲ್ಲ, ಗೆರೆ ಮಟ್ಟಸವಾಗಿ ಹೋಗುತ್ತದೆ. ಆ ಚೀಟಿ ಜೋಪಾನ ಮಾಡಿ. ಮೂರು ತಿಂಗಳ ಮೇಲೆ ಪಕ್ಕದಲ್ಲಿಟ್ಟು ನೋಡಬೇಕು.

ಶಿಡ್ಲಘಟ್ಟದ ರೀಲರ್:

ಅಕ್ಕಾ, ನನ್ನ ಮಗನಿಗೂ ಇದೇ ಆಗಿತ್ತು. ನಮ್ಮ ಮನೆಯ ವಿಷಯ ಹೇಳಲೇಬೇಕು.

ನಮ್ಮದು ರೇಷ್ಮೆ ನೂಲು ತೆಗೆಯುವ ಕೆಲಸ. ಮನೆ ಮುಂದೆಯೇ ಶೆಡ್ಡು. ಗೂಡು ಬೇಯಿಸೋಕೆ ಬೆಳಗಿನ ಜಾವದಿಂದ ಒಲೆ ಉರಿಯುತ್ತದೆ. ಹಸಿ ಸೌದೆ ಬಂದ ದಿನ ಹೊಗೆ ನೇರ ಮನೆಯೊಳಗೇ ನುಗ್ಗುತ್ತದೆ. ಜೊತೆಗೆ ನಾನು ಬೀಡಿ ಸೇದುತ್ತಿದ್ದೆ. ಮಗ ಹುಟ್ಟಿದ್ದು, ಅಂಬೆಗಾಲಿಟ್ಟಿದ್ದು ಎಲ್ಲ ಆ ಹೊಗೆಯಲ್ಲೇ. ಎರಡು ವರ್ಷ ತುಂಬುವುದರೊಳಗೆ ನಾಲ್ಕು ಸಲ ಕಿವಿ ನೋವು ಬಂತು. ಪ್ರತಿ ಸಲವೂ ನೆಗಡಿ ಆಗಿ ಮೂರು ನಾಲ್ಕು ದಿನಕ್ಕೆ.

ಡಾಕ್ಟರ್ ಮೊದಲು ಕೇಳಿದ್ದೇ, "ಮನೇಲಿ ಯಾರು ಸೇದುತ್ತಾರೆ?" ಅಂತ. ಹೊರಗೆ ಹೋಗಿ ಸೇದುತ್ತೇನೆ ಸಾರ್ ಅಂದೆ. ಅಂಗಿ ಮೇಲೆ ಬರುತ್ತದಲ್ಲ, ಕೂದಲಲ್ಲಿ ಬರುತ್ತದಲ್ಲ, ಹಾಗೇ ಎತ್ತಿಕೊಳ್ಳುತ್ತೀರಲ್ಲ ಅಂದರು. ಮನೆಗೆ ಬಂದು ಮಗನ ಟೋಪಿ ಮೂಸಿ ನೋಡಿದೆ. ಬೀಡಿ ವಾಸನೆ ಹೊಡೆಯುತ್ತಿತ್ತು. ಹತ್ತು ತಿಂಗಳ ಕೂಸಿನ ಉಲನ್ ಟೋಪಿ ಅದು. ಅವತ್ತಿಗೆ ಬಿಟ್ಟೆ. ಆಮೇಲೆ ಒಲೆಗೆ ಉದ್ದದ ಚಿಮಣಿ ಕಟ್ಟಿಸಿ, ಮನೆ ಕಡೆ ಇದ್ದ ಶೆಡ್ಡಿನ ಕಿಟಕಿ ಮುಚ್ಚಿಸಿದೆ. ಬಿಟ್ಟದ್ದಕ್ಕೇ ಕಡಿಮೆಯಾಯಿತಾ, ಅವನು ಬೆಳೆದದ್ದಕ್ಕಾ, ಎರಡೂ ಇರಬಹುದು. ಈಗ ಅವನಿಗೆ ಆರು ವರ್ಷ. ಕಿವಿ ನೋವು ಅಂದು ಎರಡು ವರ್ಷ ಆಯಿತು.

ಪಾವಗಡದ ಅಜ್ಜಿ:

ಎಣ್ಣೆ ಮಾತು ಒಪ್ಪಿಕೊಂಡೆ ತಾಯಿ, ಇನ್ನು ಮೊಮ್ಮಗನಿಗೆ ಹಾಕುವುದಿಲ್ಲ. ಆದರೆ ಎರೆದ ಮೇಲೆ ಕೂಸಿಗೆ ಸಾಂಬ್ರಾಣಿ ಹೊಗೆ ಕೊಡುತ್ತೇವಲ್ಲ, ಅದೂ ಕೆಟ್ಟದ್ದಾ? ಇನ್ನೊಂದು, ಒಳಲೆಯಲ್ಲಿ ಹಾಲು ಕುಡಿಸುವಾಗ ಕಾಲ ಮೇಲೆ ಮಲಗಿಸಿಕೊಂಡೇ ಕುಡಿಸುವುದು ನಮ್ಮ ಕಡೆ ರೂಢಿ. ಸೊಸೆ ಬೇಡ ಅನ್ನುತ್ತಾಳೆ.

ಕೋಲಾರದ ಆಡಿಯಾಲಜಿಸ್ಟ್:

ಅಜ್ಜೀ, ಸೊಸೆ ಹೇಳಿದ್ದು ಸರಿ. ಮಗು ಅಂಗಾತ ಮಲಗಿ ನುಂಗಿದಾಗ ಹಾಲು ಗಂಟಲ ಹಿಂಬದಿಗೆ ಹೋಗಿ, ಆ ವಾಟ ಇಲ್ಲದ ನಳಿಕೆಗೂ ನುಗ್ಗಬಹುದು. ನುಂಗುವ ಹೊತ್ತಲ್ಲೇ ನಳಿಕೆ ತೆರೆದಿರುತ್ತದೆ ನೋಡಿ. ಬಾಟಲಿ ಬಾಯಿಗಿಟ್ಟು ಮಲಗಿಸುವವರ ಮನೆಯಲ್ಲೂ ಇದೇ ತೊಂದರೆ. ಒಳಲೆ ಆಗಲಿ, ಬಾಟಲಿ ಆಗಲಿ, ತಲೆ ಮೇಲಿರುವ ಹಾಗೆ ತೋಳಿನಲ್ಲಿ ಎತ್ತಿಕೊಂಡು ಕುಡಿಸಿ. ಆರು ತಿಂಗಳು ಬರೀ ತಾಯಿ ಹಾಲು ಕುಡಿದ ಮಕ್ಕಳಲ್ಲಿ ಕಿವಿ ಸೋಂಕು ಕಡಿಮೆ.

ಬೀಡಿ, ಸಿಗರೇಟು ಹೊಗೆ ಕಿವಿ ಸೋಂಕಿಗೆ ದಾರಿ ಮಾಡುತ್ತದೆ, ಅದರಲ್ಲಿ ಅನುಮಾನ ಇಲ್ಲ. ಮೂಗು, ನಳಿಕೆಯ ಒಳಗೆ ಕಣ್ಣಿಗೆ ಕಾಣದ ಸಣ್ಣ ಕೂದಲುಗಳಿವೆ. ಕಸ ಗುಡಿಸಿ ಹೊರಗೆ ಹಾಕುವುದು ಅವೇ. ಹೊಗೆ ಅವುಗಳ ಕೈ ಕಟ್ಟುತ್ತದೆ. ಸಾಂಬ್ರಾಣಿ, ಸೌದೆ ಹೊಗೆಯೂ ಕೂಸಿನ ಮೂಗನ್ನು ಕೆರಳಿಸುತ್ತದೆ. ಬಟ್ಟೆಯಿಂದ ತಲೆ ಒರೆಸಿ, ಬೆಚ್ಚಗೆ ಸುತ್ತಿ ಎತ್ತಿಕೊಂಡರೆ ಸಾಕು. ದೇವರ ಮುಂದೆ ಹಾಕಿ, ಮಗುವಿನ ಮುಖಕ್ಕೆ ಬೇಡ.

ಅಕ್ಕಾ, ನಿಮ್ಮ ಮಗಳು ಬಾಯಿ ತೆರೆದುಕೊಂಡು ಮಲಗುತ್ತಾಳಾ? ಗೊರಕೆ ಇದೆಯಾ? ಮೂಗಿನ ಹಿಂದೆ, ನಳಿಕೆಯ ಬಾಯಿ ಪಕ್ಕದಲ್ಲೇ ಅಡಿನಾಯ್ಡ್ ಅನ್ನುವ ಗಡ್ಡೆ ಇರುತ್ತದೆ. ಈ ವಯಸ್ಸಿನಲ್ಲಿ ಅದು ಎಲ್ಲ ಮಕ್ಕಳಲ್ಲೂ ಸ್ವಲ್ಪ ದೊಡ್ಡದೇ, ಹರೆಯದ ಹೊತ್ತಿಗೆ ತಾನೇ ಕುಗ್ಗುತ್ತದೆ. ಆದರೆ ಪದೇ ಪದೇ ನೆಗಡಿ ಆಗುವ ಮಕ್ಕಳಲ್ಲಿ ಊದಿಕೊಂಡು ನಳಿಕೆಗೆ ಅಡ್ಡ ನಿಲ್ಲುತ್ತದೆ, ರೋಗಾಣುಗಳಿಗೆ ಮನೆಯೂ ಆಗುತ್ತದೆ. ಸೀಳು ಅಂಗುಳ ಇರುವ ಮಕ್ಕಳಿಗೂ ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೂ ಈ ನೀರು ನಿಲ್ಲುವುದು ತುಂಬಾ ಜಾಸ್ತಿ. ಅಂಥ ಮಕ್ಕಳ ಕಿವಿಯನ್ನು ದೂರು ಇಲ್ಲದಿದ್ದರೂ ಆಗಾಗ ತೋರಿಸಬೇಕು.

ತುಮಕೂರಿನ ಅಮ್ಮ:

ಬಾಯಿ ತೆರೆದುಕೊಂಡೇ ಮಲಗುತ್ತಾಳೆ ಮೇಡಂ! ದಿಂಬು ಒದ್ದೆಯಾಗಿರುತ್ತದೆ. ಮುಂದಿನ ಸಲ ಖಂಡಿತ ಹೇಳುತ್ತೇನೆ.

ಗುಬ್ಬಿ ಮೇಷ್ಟ್ರು:

ನಾನು ಗುಬ್ಬಿ ತಾಲ್ಲೂಕಿನ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಇಪ್ಪತ್ತೆರಡು ವರ್ಷದಿಂದ ಪಾಠ ಮಾಡುತ್ತಿದ್ದೇನೆ. ಈ ಮಾತು ಹೇಳೋಕೆ ನನಗೆ ಕಷ್ಟ ಆಗುತ್ತದೆ. ಒಂದನೇ ತರಗತಿಯಲ್ಲಿ ಒಬ್ಬ ಹುಡುಗ ಇದ್ದ. "ತಲೆ" ಅಂದರೆ "ಕಲೆ" ಅಂತ ಬರೆಯುತ್ತಿದ್ದ, "ಸರ" ಅಂದರೆ "ಮರ" ಅಂತ. ಹಿಂದಿನ ಬೆಂಚು. ಮಂದ ಅಂತ ನಾನೇ ತೀರ್ಮಾನ ಮಾಡಿದ್ದೆ. ಒಂದು ವರ್ಷ ಪೂರ್ತಿ.

ಮಕ್ಕಳ ಆರೋಗ್ಯ ತಪಾಸಣೆಗೆ ಆರ್‌ಬಿಎಸ್‌ಕೆ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡ ಬಂದಾಗ ಅವನ ಕಿವಿಯಲ್ಲಿ ತೊಂದರೆ ಇದೆ ಅಂತ ಗೊತ್ತಾಯಿತು. ಚೀಟಿ ಕೊಟ್ಟು ಜಿಲ್ಲಾ ಆಸ್ಪತ್ರೆಗೆ ಕಳಿಸಿದರು. ಕಿವಿ ಸರಿಹೋದ ಮೇಲೆ ಅದೇ ಹುಡುಗ ಬೋರ್ಡಿಗೆ ಬೆನ್ನು ಮಾಡಿ ನಿಂತರೂ ಉಕ್ತಲೇಖನ ಬರೆದ.

ಅವತ್ತಿಂದ ನೆಗಡಿ ಕಾಲದಲ್ಲಿ ಒಂದು ಕೆಲಸ ಮಾಡುತ್ತೇನೆ. ಮಗುವಿನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆಯುತ್ತೇನೆ. ತಿರುಗದಿದ್ದರೆ ಮನೆಯವರಿಗೆ ಹೇಳಿ ಕಳಿಸುತ್ತೇನೆ. ಅಮ್ಮಾ, ನಿಮ್ಮ ಮಗಳ ಮಿಸ್‌ಗೆ ಡಾಕ್ಟರ್ ಚೀಟಿ ತೋರಿಸಿ. ಮುಂದಿನ ಸಾಲಿನಲ್ಲಿ ಕೂರಿಸೋಕೆ ಹೇಳಿ. ಬೋರ್ಡ್ ಕಡೆ ತಿರುಗಿ ಮಾತಾಡಿದರೆ ಅವಳಿಗೆ ಏನೂ ಸಿಗುವುದಿಲ್ಲ, ಮುಖ ಕಾಣುವ ಹಾಗೆ ಹೇಳಬೇಕು. ಆರ್‌ಬಿಎಸ್‌ಕೆ 2013ರಲ್ಲಿ ಶುರುವಾದದ್ದು. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರಬೇಕು. ಆ ದಿನ ಮಗುವನ್ನು ತಪ್ಪಿಸಬೇಡಿ ಅಂತ ಎಲ್ಲ ಪೋಷಕರಿಗೂ ಕೇಳಿಕೊಳ್ಳುತ್ತೇನೆ.

ಚಿಂತಾಮಣಿ ಅಪ್ಪ:

ನನ್ನ ಮಗನದು ಬೇರೆ ಥರ. ಒಂದೂವರೆ ವರ್ಷ. ಮೊನ್ನೆ ರಾತ್ರಿ ಎರಡು ಗಂಟೆಗೆ ಎದ್ದು ಕಿರುಚೋಕೆ ಶುರು ಮಾಡಿದ. ಜ್ವರ ಕಾಯುತ್ತಿತ್ತು. ಮಲಗಿಸಿದರೆ ಅಳು ಜಾಸ್ತಿ, ಎತ್ತಿಕೊಂಡರೆ ಸ್ವಲ್ಪ ಕಡಿಮೆ. ಕಿವಿ ಹಿಡಿದು ಎಳೆದುಕೊಳ್ಳುತ್ತಿದ್ದ. ಬೆಳಗಿನ ಜಾವ ಇದ್ದಕ್ಕಿದ್ದಂತೆ ಅಳು ನಿಂತಿತು, ನಿದ್ದೆ ಮಾಡಿದ. ಬೆಳಕು ಹರಿದ ಮೇಲೆ ನೋಡಿದರೆ ದಿಂಬಿನ ಮೇಲೆ ಹಳದಿ ಕೀವು, ಸ್ವಲ್ಪ ರಕ್ತ. ನನ್ನ ಕೈಕಾಲು ತಣ್ಣಗಾಯಿತು. ಆಸ್ಪತ್ರೆಗೆ ಓಡಿದೆವು. ಏಳು ದಿನ ಆ್ಯಂಟಿಬಯೋಟಿಕ್ ಸಿರಪ್ ಕೊಟ್ಟಿದ್ದಾರೆ. ತಮಟೆ ತೂತಾಗಿದೆಯಂತೆ. ಮುಂದೆ ಕಿವಿ ಕೇಳುತ್ತದಾ? ಮತ್ತೆ, ಇವನಿಗೆ ಔಷಧಿ ಕೊಟ್ಟವರು ಅಕ್ಕನ ಮಗಳಿಗೆ ಯಾಕೆ ಕೊಡಲಿಲ್ಲ?

ಕೋಲಾರದ ಆಡಿಯಾಲಜಿಸ್ಟ್:

ಅಣ್ಣಾ, ನಿಮ್ಮ ಮಗನಿಗೆ ಆದದ್ದು ಮಧ್ಯ ಕಿವಿಯ ಸೋಂಕು. ಆರು ತಿಂಗಳಿಂದ ಎರಡು ವರ್ಷದ ಒಳಗೆ ಇದು ಅತಿ ಹೆಚ್ಚು. ನೆಗಡಿಯ ವೈರಸ್ ನಳಿಕೆ ಕಟ್ಟುತ್ತದೆ. ಒಳಗೆ ನಿಂತ ನೀರಿಗೆ ಮೂಗಿನ ಹಿಂದಿನ ಬ್ಯಾಕ್ಟೀರಿಯಾ ಸೇರಿಕೊಳ್ಳುತ್ತದೆ. ನ್ಯೂಮೋಕಾಕಸ್, ಹಿಮೋಫಿಲಸ್ ಇನ್‌ಫ್ಲುಯೆಂಜೆ, ಮೊರಾಕ್ಸೆಲ್ಲಾ, ಹೆಚ್ಚಿನ ಸಲ ಈ ಮೂರರಲ್ಲಿ ಒಂದು. ಕೀವು ತುಂಬಿ ತಮಟೆ ಹೊರಕ್ಕೆ ಉಬ್ಬುತ್ತದೆ, ಆ ನೋವು ದೊಡ್ಡವರೂ ತಡೆಯಲಾರರು. ಒಡೆದು ಹೊರಗೆ ಬಂದಾಗ ಒತ್ತಡ ಇಳಿದು ನೋವು ನಿಲ್ಲುತ್ತದೆ. ಅದಕ್ಕೇ ನಿದ್ದೆ ಮಾಡಿದ. ಹೀಗಾದ ಸಣ್ಣ ತೂತು ಸಾಮಾನ್ಯವಾಗಿ ಕೆಲವು ವಾರದಲ್ಲಿ ತಾನೇ ಮುಚ್ಚಿಕೊಳ್ಳುತ್ತದೆ. ಅಲ್ಲಿಯವರೆಗೆ ಮಾತ್ರ ಸ್ನಾನದ ನೀರು ಒಳಗೆ ಹೋಗಬಾರದು. ಹತ್ತಿಗೆ ವ್ಯಾಸಲೀನ್ ಸವರಿ ಕಿವಿ ಬಾಯಿಗೆ ಇಟ್ಟು ಎರೆಯಿರಿ, ಆಮೇಲೆ ತೆಗೆಯಿರಿ. ಜ್ವರ ಬಿಟ್ಟಿತು ಅಂತ ಸಿರಪ್ ಮೂರನೇ ದಿನಕ್ಕೆ ನಿಲ್ಲಿಸಬೇಡಿ. ಮತ್ತೊಮ್ಮೆ ತೋರಿಸಿ, ತಮಟೆ ಕೂಡಿಕೊಂಡಿದೆಯಾ ನೋಡಬೇಕು.

ಎರಡು ವಾರ ಕಳೆದರೂ ಸೋರುತ್ತಿದ್ದರೆ, ಕೆಟ್ಟ ವಾಸನೆ ಇದ್ದರೆ ಬಿಡಲೇಬೇಡಿ. ಕಿವಿ ಹಿಂದೆ ಬಾವು ಬಂದು ಕಿವಿ ಮುಂದಕ್ಕೆ ತಳ್ಳಿದಂತೆ ಕಂಡರೆ, ಮುಖ ಒಂದು ಕಡೆಗೆ ಸೊಟ್ಟಗಾದರೆ, ಕತ್ತು ಬಿಗಿದು ವಾಂತಿ ಆದರೆ ಬೆಳಗಾಗುವವರೆಗೂ ಕಾಯಬೇಡಿ. ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.

ಅಕ್ಕನ ಮಗಳ ಕಿವಿಯಲ್ಲಿರುವುದು ಬರೀ ನೀರು. ಕೀವಲ್ಲ. ಅದಕ್ಕೆ ಆ್ಯಂಟಿಬಯೋಟಿಕ್ ಆಗಲಿ, ನೆಗಡಿ ಸಿರಪ್ ಆಗಲಿ ಉಪಯೋಗವಿಲ್ಲ. ಬಹಳಷ್ಟು ಮಕ್ಕಳಲ್ಲಿ ಮೂರು ತಿಂಗಳೊಳಗೆ ತಾನಾಗಿ ಇಳಿಯುತ್ತದೆ. ಆದರೆ ಕಾಯುವುದು ಅಂದರೆ ಮರೆತುಬಿಡುವುದಲ್ಲ. ಹೇಳಿದ ದಿನಕ್ಕೆ ಹೋಗಲೇಬೇಕು. ಆಗಲೂ ಎರಡೂ ಕಿವಿಯಲ್ಲಿ ನೀರಿದ್ದು ಕೇಳಿಸುವುದು ಕಡಿಮೆ ಇದ್ದರೆ ಗ್ರೋಮೆಟ್ ಯೋಚನೆ ಮಾಡುತ್ತಾರೆ. ತಮಟೆಯಲ್ಲಿ ಇಡುವ ಪುಟಾಣಿ ಕೊಳವೆ ಅದು. ಗಾಳಿ ಒಳಗೆ ಹೋಗೋಕೆ ದಾರಿ. ಸಾಮಾನ್ಯವಾಗಿ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ತಾನೇ ಉದುರಿ ಬರುತ್ತದೆ.

ಈ ಮಧ್ಯೆ ನಾಲ್ಕು ವರ್ಷ ದಾಟಿದ ಮಕ್ಕಳಿಗೆ ಮೂಗಿನಿಂದ ಬಲೂನ್ ಊದಿಸುವ ಒಂದು ವ್ಯಾಯಾಮ ಇದೆ. ಅದಕ್ಕೇ ಮಾಡಿದ ಬಲೂನ್ ಬೇಕು, ಜಾತ್ರೆ ಬಲೂನ್ ಅಲ್ಲ. ನಿಮ್ಮ ಡಾಕ್ಟರ್‌ನ ಕೇಳಿ.

ಗೌರಿಬಿದನೂರು ಬಾಣಂತಿ:

ನನ್ನ ಪಾಪುಗೆ ಎರಡು ತಿಂಗಳು. ಕಿವಿಗೆ ಅಂತ ಲಸಿಕೆ ಏನಾದರೂ ಇದೆಯಾ?

ಕೋಲಾರದ ಆಡಿಯಾಲಜಿಸ್ಟ್:

ಕಿವಿಗೆ ಅಂತಲೇ ಇಲ್ಲ ಅಮ್ಮಾ. ಆದರೆ ನ್ಯೂಮೋಕಾಕಸ್ ಲಸಿಕೆ, ಪಿಸಿವಿ ಅನ್ನುತ್ತಾರೆ, ಕಿವಿ ಸೋಂಕನ್ನೂ ಒಂದಿಷ್ಟು ತಡೆಯುತ್ತದೆ. 2021ರಿಂದ ದೇಶದ ಎಲ್ಲ ಕಡೆ ಸರ್ಕಾರಿ ಲಸಿಕೆ ಪಟ್ಟಿಯಲ್ಲಿದೆ, ಉಚಿತ. 6 ವಾರ, 14 ವಾರ, 9 ತಿಂಗಳು. ತಾಯಿ ಕಾರ್ಡ್ ತೆಗೆದು ನೋಡಿ, ಮೊದಲನೆಯದು ಆಗಿರಬೇಕು. ಇಲ್ಲದಿದ್ದರೆ ಆಶಾ ಅವರನ್ನು ಕೇಳಿ.

ತುಮಕೂರಿನ ಅಮ್ಮ (ಮೂರು ತಿಂಗಳ ನಂತರ):

ನಿಮ್ಮೆಲ್ಲರಿಗೂ ಹೇಳದೆ ಇರೋಕೆ ಮನಸ್ಸಾಗಲಿಲ್ಲ. ನಿನ್ನೆ ಹೋಗಿ ಬಂದೆವು.

ಆ ಬಲೂನ್ ತರಿಸಿಕೊಂಡಿದ್ದೆವು. ಮೊದಲ ವಾರ ಬರಲೇ ಇಲ್ಲ. ಒಂದು ಮೂಗಿನ ಹೊಳ್ಳೆಗೆ ಬಿರಡೆ ಇಟ್ಟು, ಇನ್ನೊಂದನ್ನು ಬೆರಳಲ್ಲಿ ಮುಚ್ಚಿ, ಬಾಯಿ ಬಿಗಿ ಹಿಡಿದು ಊದಬೇಕು. ಅವಳು ಕೆನ್ನೆ ಉಬ್ಬಿಸುತ್ತಿದ್ದಳು, ಗಾಳಿ ಬಾಯಿಂದ ಪುಸ್ ಅಂತ ಹೋಗುತ್ತಿತ್ತು. ಅತ್ತೆ ತಾವೂ ಒಂದು ತಗೊಂಡು ಎದುರು ಕೂತರು. ಅಜ್ಜಿ ಊದಿದ್ದು ನೋಡಿ ಇವಳೂ ಊದಿದಳು. ಮೂಸಂಬಿ ಗಾತ್ರ ಬಂದಾಗ ಇಬ್ಬರೂ ಚಪ್ಪಾಳೆ ತಟ್ಟಿಕೊಳ್ಳುತ್ತಿದ್ದರು. ದಿನಕ್ಕೆ ಮೂರು ಸಲ. ನೆಗಡಿ ಬಂದ ವಾರ ಡಾಕ್ಟರ್ ಹೇಳಿದಂತೆ ನಿಲ್ಲಿಸಿದೆವು. ಮಿಸ್ ಅವಳನ್ನು ಮೊದಲ ಸಾಲಿಗೆ ಕರೆದುಕೊಂಡರು.

ಹೊಸ ಚೀಟಿಯಲ್ಲಿ ಬಲಗಿವಿಯ ಗೆರೆ ಮಧುಗಿರಿ ಬೆಟ್ಟದ ಹಾಗೆ ಎದ್ದಿದೆ. ಎಡಗಿವಿಯದು ಇನ್ನೂ ಸಣ್ಣ ದಿಬ್ಬ. ಅಡಿನಾಯ್ಡ್ ಸ್ವಲ್ಪ ದೊಡ್ಡದಿದೆಯಂತೆ, ಈಗಲೇ ಆಪರೇಷನ್ ಬೇಡ ಅಂದರು. ಆರು ವಾರ ಬಿಟ್ಟು ಮತ್ತೆ ನೋಡುತ್ತಾರೆ.

ಕೋಲಾರದ ಆಡಿಯಾಲಜಿಸ್ಟ್:

ತುಂಬಾ ಸಂತೋಷ ಆಯಿತು ಅಕ್ಕಾ. ಎಡಗಿವಿಯೂ ಮೇಲೇಳುವ ದಾರಿಯಲ್ಲಿದೆ. ಹಳೇ ಚೀಟಿ, ಹೊಸ ಚೀಟಿ ಎರಡನ್ನೂ ಒಟ್ಟಿಗೆ ಪಿನ್ ಮಾಡಿಡಿ. ಮನೆಯಲ್ಲಿ ಹೇಗೆ ಕೇಳುತ್ತಾಳೆ ಈಗ?

ತುಮಕೂರಿನ ಅಮ್ಮ:

ಇವತ್ತು ಬೆಳಿಗ್ಗೆ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಒಳಗಿನಿಂದ ಓಡಿ ಬಂದು, "ಅಮ್ಮಾ, ಹಾಲಿನವನ ಬೆಲ್ ಹೊಡೀತು" ಅಂದಳು. ನನಗೆ ಕೇಳಿಸಿರಲಿಲ್ಲ.